‘ಕೆಳಗೆ’ಯೋ, ‘ಕೆಳಗಿನ’ವೋ?

ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತರೆ ಕನ್ನಡ, ತೆಲುಗು, ಉರ್ದು, ತಮಿಳು ನಾಲ್ಕೂ ಕಿವಿಗೆ ಬೀಳುತ್ತವೆ. ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಯೊಳಗಿನ ಮಾತು ತೆಲುಗು, ಶಾಲೆಯ ಮಾತು ಕನ್ನಡ. ನಂಗಲಿ ದಾಟಿದರೆ ಆಂಧ್ರ. ಹೊಯ್ಸಳರ ಶಾಸನಗಳು ರಾಜ್ಯದ ಮೂಡಣ ಎಲ್ಲೆ ಎಂದು ಹೆಸರಿಸುವ ನಂಗಲಿ ಇದೇ. ಇಂಥ ಗಡಿಯಲ್ಲಿ ಬೆಳೆಯುವ ಮಗು ಒಂದನೇ ತರಗತಿಗೆ ಬರುವ ಹೊತ್ತಿಗೇ ಎರಡು ಭಾಷೆ ಬಲ್ಲದು. ಅಂಗಡಿ ಬೀದಿಯ ಮಗುವಾದರೆ ಮೂರು. ಅದೇ ಮಗು ಹೈಸ್ಕೂಲಿಗೆ ಬಂದ ಮೇಲೆ ಇಂಗ್ಲಿಷಿನ ‘ಇನ್’, ‘ಆನ್’, ‘ಅಟ್’, ‘ಟು’, ‘ವಿತ್’ ಎಂಬ ಪುಟ್ಟ ಪದಗಳ ಮುಂದೆ ತಡವರಿಸಿ ನಿಲ್ಲುತ್ತದೆ. ಇದಕ್ಕೆ ಕಾರಣ ಮಗುವಿನ ಬುದ್ಧಿಯಲ್ಲಿಲ್ಲ, ನಾವು ಕಲಿಸುವ ರೀತಿಯಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮಗುವಿನ ಬಳಿ ಆಗಲೇ ಇರುವ ವ್ಯಾಕರಣವನ್ನು ನಾವು ಬಳಸಿಕೊಳ್ಳುತ್ತಲೇ ಇಲ್ಲ.

ಮರದ ಕೆಳಗೆ ಎನ್ನುವುದನ್ನೇ ನೋಡಿ. ತೆಲುಗಿನಲ್ಲಿ ‘ಚೆಟ್ಟು ಕಿಂದ’, ಇಲ್ಲಿಯ ಉರ್ದುವಿನಲ್ಲಿ ‘ಝಾಡ್ ಕೆ ನೀಚೆ’, ತಮಿಳಿನಲ್ಲಿ ‘ಮರತ್ತುಕ್ಕು ಕೀಳೆ’. ನಾಲ್ಕರಲ್ಲೂ ಮೊದಲು ಮರ, ಆಮೇಲೆ ಕೆಳಗೆ. ಉರ್ದು ಬೇರೆಯೇ ಭಾಷಾಕುಟುಂಬದ್ದು. ಆದರೂ ಈ ವಿಷಯದಲ್ಲಿ ನಮ್ಮ ಪಂಕ್ತಿಯಲ್ಲೇ ಕೂರುತ್ತದೆ. ಇಂಗ್ಲಿಷ್ ಮಾತ್ರ ‘ಅಂಡರ್ ದಿ ಟ್ರೀ’ ಎಂದು ಸಂಬಂಧವನ್ನು ಮೊದಲು ಹೇಳಿ ವಸ್ತುವನ್ನು ಆಮೇಲೆ ತರುತ್ತದೆ. ಮುಂದೆ ಬರುವ ಈ ಸಂಬಂಧಸೂಚಕ ಪದವೇ ಪ್ರಿಪೊಸಿಷನ್. ಅದೂ ಅದರ ಹಿಂದೆ ಬರುವ ನಾಮಪದವೂ ಸೇರಿದ ಇಡೀ ಕಟ್ಟು ಪ್ರಿಪೊಸಿಷನಲ್ ಫ್ರೇಸ್. ಇಲ್ಲಿ ಅದನ್ನು ಗುಚ್ಛ ಎಂದು ಕರೆಯುತ್ತೇನೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಶುರುವಾಗುತ್ತದೆ. ಕನ್ನಡ ಮಾಧ್ಯಮದ ಮಗುವಿಗೆ ಎಸ್ಸೆಸ್ಸೆಲ್ಸಿಯಲ್ಲಿ ಅದು ದ್ವಿತೀಯ ಭಾಷೆ. ಇಷ್ಟು ವರ್ಷಗಳ ಓದಿನಲ್ಲಿ ಪ್ರಿಪೊಸಿಷನ್ ಎಂದರೆ ಮಗುವಿಗೆ ಸಿಗುವುದು ಬಹುಪಾಲು ಬಿಟ್ಟ ಸ್ಥಳ ತುಂಬುವ ಪ್ರಶ್ನೆ. ‘ದಿ ಬುಕ್ ಈಸ್ ಡ್ಯಾಶ್ ದಿ ಟೇಬಲ್’ ಎಂದು ಕೊಟ್ಟರೆ ‘ಆನ್’ ಎಂದು ಬರೆದು ಅಂಕ ಪಡೆಯುವುದು. ‘ಆನ್ ದಿ ಟೇಬಲ್’ ಎಂಬ ಇಡೀ ಗುಚ್ಛ ಆ ವಾಕ್ಯದಲ್ಲಿ ಏನು ಕೆಲಸ ಮಾಡುತ್ತಿದೆ, ಯಾವ ಪದಕ್ಕೆ ಅಂಟಿಕೊಂಡಿದೆ ಎಂದು ಯಾರೂ ಕೇಳುವುದಿಲ್ಲ. ವಾಕ್ಯ ಅರ್ಥವಾಗುವುದೂ ಕೆಡುವುದೂ ಅಲ್ಲಿಯೇ.

ಒಂದು ಬಸ್ಸಿನ ವಾಕ್ಯ ತೆಗೆದುಕೊಳ್ಳೋಣ. ‘ದಿ ಬಸ್ ಟು ನಂಗಲಿ ಸ್ಟಾಪ್ಸ್ ನಿಯರ್ ದಿ ಟೆಂಪಲ್ ಅಟ್ ಸಿಕ್ಸ್.’ ಇದರಲ್ಲಿ ಮೂರು ಗುಚ್ಛಗಳಿವೆ. ‘ಟು ನಂಗಲಿ’ ಎಂಬುದು ಯಾವ ಬಸ್ಸು ಎಂದು ಹೇಳುತ್ತದೆ, ಅಂದರೆ ಬಸ್ಸಿಗೆ ಅಂಟಿದೆ. ‘ನಿಯರ್ ದಿ ಟೆಂಪಲ್’ ಎಲ್ಲಿ ನಿಲ್ಲುತ್ತದೆ ಎಂದೂ ‘ಅಟ್ ಸಿಕ್ಸ್’ ಯಾವಾಗ ನಿಲ್ಲುತ್ತದೆ ಎಂದೂ ಹೇಳುತ್ತವೆ. ಇವೆರಡೂ ಕ್ರಿಯಾಪದಕ್ಕೆ ಅಂಟಿವೆ. ಈಗ ಅವೇ ಗುಚ್ಛಗಳನ್ನು ಹೀಗೆ ಜೋಡಿಸಿ: ‘ದಿ ಬಸ್ ನಿಯರ್ ದಿ ಟೆಂಪಲ್ ಗೋಸ್ ಟು ನಂಗಲಿ ಅಟ್ ಸಿಕ್ಸ್.’ ಬಸ್ಸಿಗೆ ಅಂಟಿದ್ದ ‘ಟು ನಂಗಲಿ’ ಈಗ ಕ್ರಿಯೆಯ ಕಡೆಗೆ ಹೋಯಿತು, ಕ್ರಿಯೆಗೆ ಅಂಟಿದ್ದ ‘ನಿಯರ್ ದಿ ಟೆಂಪಲ್’ ಬಸ್ಸಿನ ಕಡೆಗೆ ಬಂತು. ಗುಚ್ಛದ ಒಂದಕ್ಷರವೂ ಬದಲಾಗಲಿಲ್ಲ. ನಾಮಪದಕ್ಕೆ ಅಂಟುವ ಕೆಲಸವನ್ನು ಇಂಗ್ಲಿಷ್ ವ್ಯಾಕರಣ ವಿಶೇಷಣದ ಕೆಲಸ ಎನ್ನುತ್ತದೆ, ಕ್ರಿಯೆಗೆ ಅಂಟುವುದನ್ನು ಕ್ರಿಯಾವಿಶೇಷಣದ ಕೆಲಸ ಎನ್ನುತ್ತದೆ. ಎರಡಕ್ಕೂ ರೂಪ ಒಂದೇ. ಯಾವ ಕೆಲಸ ಎಂಬುದನ್ನು ಗುಚ್ಛ ಕೂತಿರುವ ಜಾಗದಿಂದ ಓದುಗನೇ ತಿಳಿದುಕೊಳ್ಳಬೇಕು.

ಇವೇ ಎರಡು ವಾಕ್ಯಗಳನ್ನು ಕನ್ನಡದಲ್ಲಿ ಹೇಳಿ. ‘ನಂಗಲಿಗೆ ಹೋಗುವ ಬಸ್ಸು ಆರಕ್ಕೆ ದೇವಸ್ಥಾನದ ಹತ್ತಿರ ನಿಲ್ಲುತ್ತದೆ.’ ‘ದೇವಸ್ಥಾನದ ಹತ್ತಿರದ ಬಸ್ಸು ಆರಕ್ಕೆ ನಂಗಲಿಗೆ ಹೋಗುತ್ತದೆ.’ ‘ಹತ್ತಿರ’ ಎಂಬುದು ‘ಹತ್ತಿರದ’ ಆಯಿತು. ‘ನಂಗಲಿಗೆ ಹೋಗುವ’ ಎಂಬುದು ಬರೀ ‘ನಂಗಲಿಗೆ’ ಆಯಿತು. ಕನ್ನಡ ಎರಡು ಕೆಲಸಗಳಿಗೆ ಎರಡು ರೂಪ ಇಟ್ಟುಕೊಂಡಿದೆ. ಕ್ರಿಯೆಗೆ ಅಂಟುವಾಗ ಕೆಳಗೆ, ಮೇಲೆ, ಒಳಗೆ, ಮುಂದೆ, ಎದುರಿಗೆ. ನಾಮಪದಕ್ಕೆ ಅಂಟುವಾಗ ಕೆಳಗಿನ, ಮೇಲಿನ, ಒಳಗಿನ, ಮುಂದಿನ, ಎದುರಿನ. ‘ಮರದ ಕೆಳಗೆ ಕೂತ’ ಎನ್ನುತ್ತೇವೆ, ‘ಮರದ ಕೆಳಗಿನ ಅಂಗಡಿ’ ಎನ್ನುತ್ತೇವೆ. ‘ಮರದ ಕೆಳಗೆ ಅಂಗಡಿ ಮುಚ್ಚಿದೆ’ ಎಂದು ಯಾರಾದರೂ ಅಂದರೆ ಮೂರು ವರ್ಷದ ಕೂಸಿಗೂ ಕಿವಿಗೆ ಏನೋ ತಪ್ಪಿದಂತೆ ಕೇಳುತ್ತದೆ. ತೆಲುಗಿನಲ್ಲೂ ಹೀಗೇ: ‘ಕಿಂದ’ ಬೇರೆ, ‘ಕಿಂದಿ’ ಅಥವಾ ‘ಕಿಂದುನ್ನ’ ಬೇರೆ. ಉರ್ದುವಿನವರು ‘ನೀಚೆ’ಗೆ ‘ಕಾ’, ‘ಕೀ’, ‘ವಾಲಾ’ ಸೇರಿಸಿ ಅದೇ ಕೆಲಸ ಮಾಡುತ್ತಾರೆ.

ಅಂದರೆ, ಇಂಗ್ಲಿಷ್ ಕಲಿಯುವಾಗ ಅತ್ಯಂತ ಕಷ್ಟದ್ದು ಎನಿಸುವ ಭೇದವನ್ನು ಮುಳಬಾಗಿಲಿನ ಮಗು ತನ್ನ ಬಾಯಿಮಾತಿನಲ್ಲಿ ದಿನವಿಡೀ ತಪ್ಪಿಲ್ಲದೆ ಮಾಡುತ್ತಿದೆ. ಗುಚ್ಛ ಕಂಡಾಗ ‘ಇದು ಕೆಳಗೆಯೋ, ಕೆಳಗಿನವೋ?’ ಎಂದು ಕೇಳಿದರೆ ಸಾಕು. ‘ದಿ ಶಾಪ್ ಅಂಡರ್ ದಿ ಟ್ರೀ’ ಎಂದಾಗ ಮಗು ತಾನಾಗಿಯೇ ‘ಕೆಳಗಿನ’ ಎನ್ನುತ್ತದೆ. ‘ಹಿ ಸ್ಲೆಪ್ಟ್ ಅಂಡರ್ ದಿ ಟ್ರೀ’ ಎಂದಾಗ ‘ಕೆಳಗೆ’ ಎನ್ನುತ್ತದೆ. ಪರಿಭಾಷೆಯ ಒಂದು ಪದವೂ ಇಲ್ಲದೆ ವ್ಯಾಕರಣ ಅಲ್ಲಿಗೆ ಬಂದಾಯಿತು. ‘ಅಡ್ಜೆಕ್ಟಿವಲ್’, ‘ಅಡ್ವರ್ಬಿಯಲ್’ ಎಂಬ ಹೆಸರುಗಳನ್ನು ಆಮೇಲೆ ಹೇಳಿಕೊಟ್ಟರೂ ಆದೀತು.

ಈ ಭೇದ ತಿಳಿದ ಮೇಲೆ ನಮ್ಮ ಕಡೆಯ ಒಂದು ಇಂಗ್ಲಿಷ್ ಪ್ರಯೋಗದ ಮೂಲವೂ ಕಾಣುತ್ತದೆ. ‘ನಂಗಲಿ ಗೋಯಿಂಗ್ ಬಸ್’, ‘ಬೆಂಗಳೂರ್ ಗೋಯಿಂಗ್ ಪೀಪಲ್’ ಎಂದು ಹೇಳುವುದನ್ನು ಕೇಳಿರುತ್ತೀರಿ. ಕನ್ನಡದಲ್ಲಿ ‘ನಂಗಲಿಗೆ’ ಎಂಬುದು ನೇರವಾಗಿ ಬಸ್ಸಿಗೆ ಅಂಟುವುದಿಲ್ಲ, ನಡುವೆ ‘ಹೋಗುವ’ ಬೇಕು. ಆ ‘ಹೋಗುವ’ವನ್ನೇ ಮಗು ಇಂಗ್ಲಿಷಿಗೆ ಹೊತ್ತೊಯ್ಯುತ್ತದೆ. ಇಂಗ್ಲಿಷಿಗೆ ಅದು ಬೇಡ, ‘ಟು ನಂಗಲಿ’ ಸಾಕು. ‘ಮಾವನಿಂದ ಬಂದ ಕಾಗದ’ ಅಲ್ಲಿ ‘ಎ ಲೆಟರ್ ಫ್ರಮ್ ಮೈ ಅಂಕಲ್’ ಅಷ್ಟೇ. ‘ಪೆಟ್ಟಿಗೆಯಲ್ಲಿರುವ ದುಡ್ಡು’ ಅಲ್ಲಿ ‘ದಿ ಮನಿ ಇನ್ ದಿ ಬಾಕ್ಸ್’. ನಮ್ಮ ಹೋಗುವ, ಬಂದ, ಇರುವಗಳ ಭಾರವನ್ನು ಅಲ್ಲಿ ಪ್ರಿಪೊಸಿಷನ್ ಒಂದೇ ಹೊರುತ್ತದೆ. ಈ ಒಂದು ಸೂತ್ರ ಹಿಡಿದರೆ ಮಗುವಿನ ಇಂಗ್ಲಿಷ್ ಬರವಣಿಗೆ ಒಂದೇ ತಿಂಗಳಲ್ಲಿ ಹಗುರಾಗುತ್ತದೆ ಎಂದು ನಂಬಿದ್ದೇನೆ.

ರೂಪ ಒಂದೇ ಇದ್ದು ಕೆಲಸ ಎರಡಿದ್ದರೆ ಗೊಂದಲ ತಪ್ಪಿದ್ದಲ್ಲ. ಮುಳಬಾಗಿಲು ದೋಸೆಯನ್ನೇ ಇಟ್ಟುಕೊಂಡು ನೋಡೋಣ. ‘ಐ ಏಟ್ ದೋಸೆ ವಿತ್ ಚಟ್ನಿ’, ‘ವಿತ್ ಮೈ ಫ್ರೆಂಡ್’, ‘ವಿತ್ ಎ ಸ್ಪೂನ್’, ‘ವಿತ್ ಜಾಯ್’. ನಾಲ್ಕೂ ‘ವಿತ್’. ಮೊದಲನೆಯದು ದೋಸೆಗೆ ಅಂಟಿದೆ, ಉಳಿದ ಮೂರು ತಿನ್ನುವ ಕ್ರಿಯೆಗೆ ಅಂಟಿವೆ, ಅವುಗಳಲ್ಲೂ ಒಂದು ಸಂಗಾತ, ಒಂದು ಸಾಧನ, ಒಂದು ರೀತಿ. ಕನ್ನಡದಲ್ಲಿ ಚಟ್ನಿ ಜೊತೆ, ಗೆಳೆಯನ ಜೊತೆ, ಚಮಚದಲ್ಲಿ, ಖುಷಿಯಿಂದ. ನಾವು ಮೂರು ರೂಪ ಬಳಸಿದೆವು. ಇನ್ನು ‘ಐ ಸಾ ದಿ ಬಾಯ್ ಆನ್ ದಿ ಹಿಲ್ ವಿತ್ ಎ ಟೆಲಿಸ್ಕೋಪ್’ ಎಂಬ ವಾಕ್ಯ. ಬೆಟ್ಟದ ಮೇಲಿದ್ದದ್ದು ಹುಡುಗನೋ, ನೋಡಿದವನೋ? ದೂರದರ್ಶಕ ಯಾರ ಕೈಯಲ್ಲಿತ್ತು? ಇಂಗ್ಲಿಷ್ ವಾಕ್ಯ ಬಾಯಿ ಬಿಡುವುದಿಲ್ಲ. ಕನ್ನಡದಲ್ಲಿ ಈ ಮಾತು ಹೇಳಹೊರಟವನು ‘ದೂರದರ್ಶಕದಿಂದ ನೋಡಿದೆ’ ಎನ್ನಬೇಕು, ಇಲ್ಲವೇ ‘ದೂರದರ್ಶಕ ಹಿಡಿದಿದ್ದ ಹುಡುಗನನ್ನು ನೋಡಿದೆ’ ಎನ್ನಬೇಕು. ಎರಡರ ನಡುವೆ ಅಡಗಿ ಕೂರಲು ನಮ್ಮ ಭಾಷೆ ಜಾಗ ಕೊಡುವುದಿಲ್ಲ.

ಕಂಪ್ಯೂಟರಿಗೆ ಇಂಗ್ಲಿಷ್ ಕಲಿಸಹೊರಟವರಿಗೂ ಇದು ದೊಡ್ಡ ತಲೆನೋವಾಗಿತ್ತು. ಗುಚ್ಛ ನಾಮಪದಕ್ಕೆ ಅಂಟಿದೆಯೋ ಕ್ರಿಯಾಪದಕ್ಕೆ ಅಂಟಿದೆಯೋ ಎಂಬ ಈ ಒಂದೇ ಪ್ರಶ್ನೆಯ ಮೇಲೆ ದಶಕಗಟ್ಟಲೆ ಸಂಶೋಧನೆ ನಡೆದಿದೆ. 1994ರಲ್ಲಿ ಅದ್ವೈತ್ ರತ್ನಪಾರಖಿ ಮತ್ತು ಸಂಗಡಿಗರು ಅಮೆರಿಕದಲ್ಲಿ ಮಾಡಿದ ಕೆಲಸ ಅದರಲ್ಲಿ ಹೆಸರಾದದ್ದು. ಕ್ರಿಯಾಪದ, ನಾಮಪದ, ಪ್ರಿಪೊಸಿಷನ್, ಅದರ ನಂತರದ ನಾಮಪದ ಎಂದು ನಾಲ್ಕೇ ಪದಗಳನ್ನು ಕೊಟ್ಟಾಗ ಭಾಷಾತಜ್ಞರೇ ಸರಿಯುತ್ತರ ಹೇಳಿದ್ದು ಶೇ 88ರಷ್ಟು. ಇಡೀ ವಾಕ್ಯ ಕೊಟ್ಟಾಗ ಶೇ 93ರಷ್ಟು. ಇಂಗ್ಲಿಷನ್ನೇ ಉಸಿರಾಡುವ ಪರಿಣತರು, ಪೂರ್ತಿ ವಾಕ್ಯ ಕಣ್ಣೆದುರಿಗಿದ್ದೂ, ನೂರಕ್ಕೆ ಏಳು ಕಡೆ ಎಡವುತ್ತಾರೆ ಎಂದ ಮೇಲೆ ನಮ್ಮ ಹಳ್ಳಿಯ ಮಗು ಎಡವಿದರೆ ಅದನ್ನು ದಡ್ಡತನ ಎನ್ನಲು ಯಾರಿಗೂ ಹಕ್ಕಿಲ್ಲ.

ಗೊಂದಲಕ್ಕೆ ಸಿಕ್ಕಾಗ ನೆರವಾಗುವ ಪರೀಕ್ಷೆಗಳು ಒಂದೆರಡಿವೆ. ಗುಚ್ಛವನ್ನು ವಾಕ್ಯದ ತಲೆಗೆ ತಂದು ನೋಡಿ. ‘ವಿ ವೆಂಟ್ ಟು ಕುರುಡುಮಲೆ ಆನ್ ಸಂಡೇ’ ಎಂಬುದನ್ನು ‘ಆನ್ ಸಂಡೇ ವಿ ವೆಂಟ್ ಟು ಕುರುಡುಮಲೆ’ ಎನ್ನಬಹುದು, ಹಾಗಾಗಿ ಅದು ಕ್ರಿಯೆಗೆ ಸೇರಿದ್ದು. ‘ಐ ಬಾಟ್ ಎ ಬಾಕ್ಸ್ ಆಫ್ ಟೊಮೆಟೋಸ್’ ಎಂಬಲ್ಲಿ ‘ಆಫ್ ಟೊಮೆಟೋಸ್’ ಅನ್ನು ಮುಂದಕ್ಕೆ ಎಳೆದರೆ ವಾಕ್ಯ ಮುರಿಯುತ್ತದೆ. ಅದು ‘ಬಾಕ್ಸ್’ಗೆ ಸೇರಿದ್ದು. ಇಲ್ಲವೇ ನಾಮಪದದ ಜಾಗದಲ್ಲಿ ‘ಇಟ್’ ಹಾಕಿ. ‘ಐ ಬಾಟ್ ಇಟ್’ ಎಂದಾಗ ಬಾಕ್ಸಿನ ಜೊತೆ ಟೊಮೆಟೊವೂ ಆ ‘ಇಟ್’ನೊಳಗೆ ಹೋಗಿಬಿಡುತ್ತದೆ. ಹಾಗೆ ಒಳಗೆ ಹೋಗುವ ಗುಚ್ಛ ನಾಮಪದದ್ದು, ಹೊರಗೆ ಉಳಿಯುವುದು ಕ್ರಿಯೆಯದ್ದು.

ಅರ್ಜಿ ನಮೂನೆಗಳಲ್ಲಿ ‘ನೇಮ್ ಆಫ್ ದಿ ಫಾದರ್ ಆಫ್ ದಿ ಅಪ್ಲಿಕೆಂಟ್’ ಎಂದಿರುತ್ತದೆ. ಕನ್ನಡದಲ್ಲಿ ಅದು ಅರ್ಜಿದಾರರ ತಂದೆಯ ಹೆಸರು. ಇಂಗ್ಲಿಷಿನ ಕೊನೆಯ ಪದ ಕನ್ನಡದ ಮೊದಲ ಪದ. ಇನ್ನೂ ಉದ್ದದ್ದನ್ನು ನೋಡಿ: ‘ದಿ ಐಡಲ್ ಆಫ್ ಗಣೇಶ ಇನ್ ದಿ ಟೆಂಪಲ್ ಅಟ್ ಕುರುಡುಮಲೆ ಇನ್ ಮುಳಬಾಗಿಲು ತಾಲ್ಲೂಕ್ ಆಫ್ ಕೋಲಾರ್ ಡಿಸ್ಟ್ರಿಕ್ಟ್.’ ಕನ್ನಡದಲ್ಲಿ ‘ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯ ದೇವಸ್ಥಾನದಲ್ಲಿರುವ ಗಣೇಶನ ವಿಗ್ರಹ’. ಕನ್ನಡಿಯಲ್ಲಿ ಕಂಡ ಮುಖದಂತೆ ಎಡಬಲ ತಿರುಗಿದೆ, ಒಂದು ಹೆಜ್ಜೆಯೂ ತಪ್ಪಿಲ್ಲ. ಇಂಗ್ಲಿಷ್ ಮುಖ್ಯ ವಸ್ತುವನ್ನು ಮೊದಲು ಇಟ್ಟು ವಿವರಗಳನ್ನು ಬಲಕ್ಕೆ ಬೆಳೆಸುತ್ತ ಹೋಗುತ್ತದೆ. ಕನ್ನಡ ವಿವರಗಳನ್ನೆಲ್ಲ ಎಡಕ್ಕೆ ಪೇರಿಸಿ ಮುಖ್ಯ ವಸ್ತುವನ್ನು ಕೊನೆಗೆ ತಂದು ಕೂರಿಸುತ್ತದೆ. ಬ್ಯಾಂಕಿನ ಕಾಗದ, ಕೋರ್ಟಿನ ಆದೇಶ, ವಿಮೆಯ ಷರತ್ತು ಓದುವಾಗ ದೊಡ್ಡವರೂ ಸೋಲುವುದು ಇಲ್ಲೇ. ಐದಾರು ಗುಚ್ಛ ಒಂದರ ಬಾಲಕ್ಕೆ ಒಂದು ಬಂದಾಗ ಎಡದಿಂದ ಬಲಕ್ಕೆ ಅರ್ಥ ಕಟ್ಟಹೋದರೆ ಕನ್ನಡದ ಮನಸ್ಸು ದಾರಿ ತಪ್ಪುತ್ತದೆ. ಮೊದಲ ನಾಮಪದವನ್ನು ಬೆರಳಿನಲ್ಲಿ ಒತ್ತಿ ಹಿಡಿದು, ಕೊನೆಯ ಗುಚ್ಛದಿಂದ ಹಿಂದಕ್ಕೆ ಬನ್ನಿ. ತೊಡಕು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಬಲಕ್ಕೆ ಬೆಳೆಯುವ ಈ ಸ್ವಭಾವದಿಂದ ಹುಟ್ಟುವ ತಪ್ಪೊಂದು ಪದವೀಧರರ ಬರವಣಿಗೆಯಲ್ಲೂ ಕಾಣುತ್ತದೆ. ‘ದಿ ಕ್ವಾಲಿಟಿ ಆಫ್ ದಿ ಮ್ಯಾಂಗೋಸ್ ಫ್ರಮ್ ಶ್ರೀನಿವಾಸಪುರ ಆರ್ ಗುಡ್’ ಎಂದು ಬರೆಯುತ್ತಾರೆ. ಹಣ್ಣುಗಳು ಬಹಳ ಇವೆ, ಕ್ರಿಯಾಪದದ ಹತ್ತಿರವೇ ಇವೆ, ಹಾಗಾಗಿ ‘ಆರ್’ ಬರೆದುಬಿಡುತ್ತದೆ ಕೈ. ಆದರೆ ಗುಚ್ಛದ ಒಳಗೆ ಸಿಕ್ಕಿಕೊಂಡ ನಾಮಪದ ವಾಕ್ಯದ ಕರ್ತೃ ಆಗಲಾರದು. ಇಲ್ಲಿ ಕರ್ತೃ ‘ಕ್ವಾಲಿಟಿ’, ಅದು ಏಕವಚನ, ಆದ್ದರಿಂದ ‘ಈಸ್’. ‘ಶ್ರೀನಿವಾಸಪುರದ ಮಾವಿನ ಹಣ್ಣುಗಳ ಗುಣ ಚೆನ್ನಾಗಿದೆ’ ಎನ್ನುವಾಗ ನಾವು ಎಂದೂ ತಪ್ಪುವುದಿಲ್ಲ, ಏಕೆಂದರೆ ನಮ್ಮಲ್ಲಿ ಮುಖ್ಯ ಪದ ಕ್ರಿಯಾಪದದ ಪಕ್ಕದಲ್ಲೇ ಕೂತಿರುತ್ತದೆ. ಇಂಗ್ಲಿಷಿನಲ್ಲಿ ಅದು ಎಷ್ಟೋ ಪದ ಹಿಂದೆ ಉಳಿದಿರುತ್ತದೆ. ಗುಚ್ಛಗಳನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿ ಓದಿಸಿದರೆ ಮಗುವಿಗೆ ಕರ್ತೃ ಕಣ್ಣಿಗೆ ಬೀಳುತ್ತದೆ: ‘ದಿ ಕ್ವಾಲಿಟಿ ಈಸ್ ಗುಡ್.’

ವಿಶೇಷಣ, ಕ್ರಿಯಾವಿಶೇಷಣ ಇವೆರಡೇ ಗುಚ್ಛದ ಕೆಲಸವಲ್ಲ. ‘ಅಮ್ಮ ಈಸ್ ಇನ್ ಕೋಲಾರ್’ ಎಂಬಲ್ಲಿ ಅದನ್ನು ತೆಗೆದರೆ ವಾಕ್ಯವೇ ಉಳಿಯುವುದಿಲ್ಲ. ‘ಪುಟ್ ದಿ ಬಾಕ್ಸ್ ಆನ್ ದಿ ಲಾರಿ’ ಎಂಬಲ್ಲೂ ಅಷ್ಟೇ, ‘ಪುಟ್’ ಎಂದ ಮೇಲೆ ಎಲ್ಲಿ ಎಂದು ಹೇಳಲೇಬೇಕು. ಕೆಲವು ಪದಗಳಂತೂ ತಮ್ಮದೇ ಆದ ಪ್ರಿಪೊಸಿಷನ್ ಬೇಕೆಂದು ಹಟ ಹಿಡಿಯುತ್ತವೆ: ‘ಡಿಪೆಂಡ್ ಆನ್’, ‘ಅಫ್ರೇಡ್ ಆಫ್’, ‘ವೇಟ್ ಫಾರ್’, ‘ಗುಡ್ ಅಟ್’. ಇವುಗಳಿಗೆ ತರ್ಕ ಹುಡುಕುವುದು ವ್ಯರ್ಥ. ಪದವನ್ನು ಕಲಿಯುವಾಗಲೇ ಅದರ ಜೊತೆಗಾರನನ್ನೂ ಸೇರಿಸಿ ಬಾಯಿಪಾಠ ಮಾಡುವುದೊಂದೇ ದಾರಿ. ನಮ್ಮಲ್ಲೂ ‘ನಾಯಿಗೆ ಹೆದರು’ ಎನ್ನುತ್ತೇವೆ, ‘ಬಸ್ಸಿಗೆ ಕಾಯು’ ಎನ್ನುತ್ತೇವೆ; ‘ಗೆ’ ಏಕೆ ಎಂದು ಯಾರೂ ಕೇಳಿಲ್ಲ.

ತೊಂದರೆ ಬರುವುದು ನಮ್ಮ ಪ್ರತ್ಯಯವನ್ನು ಒಂದಕ್ಕೊಂದರಂತೆ ಇಂಗ್ಲಿಷಿಗೆ ತಿರುಗಿಸಿದಾಗ. ‘ಅವನ ಮೇಲೆ ಕೋಪ’ ಎನ್ನುವುದು ‘ಆಂಗ್ರಿ ಆನ್ ಹಿಮ್’ ಆಗುತ್ತದೆ, ಇರಬೇಕಾದದ್ದು ‘ವಿತ್ ಹಿಮ್’. ‘ವಿಷಯದ ಬಗ್ಗೆ ಚರ್ಚಿಸು’ ಎನ್ನುವುದು ‘ಡಿಸ್ಕಸ್ ಅಬೌಟ್’ ಆಗುತ್ತದೆ, ಅಲ್ಲಿ ಪ್ರಿಪೊಸಿಷನ್ನೇ ಬೇಡ. ‘ಕೋಲಾರಕ್ಕೆ ತಲುಪಿದೆ’ ಎನ್ನುವುದು ‘ರೀಚ್ಡ್ ಟು ಕೋಲಾರ್’ ಆಗುತ್ತದೆ, ಅಲ್ಲೂ ಬೇಡ. ‘ಎರಡು ವರ್ಷದಿಂದ’ ಎನ್ನುವುದು ‘ಸಿನ್ಸ್ ಟೂ ಇಯರ್ಸ್’ ಆಗುತ್ತದೆ. ಅವಧಿ ಹೇಳುವಾಗ ‘ಫಾರ್’, ಶುರುವಾದ ದಿನ ಹೇಳುವಾಗ ‘ಸಿನ್ಸ್’. ನಮ್ಮ ಕಡೆ ‘ಚಾಕುವಲ್ಲಿ ಕುಯ್ದೆ’, ‘ಕೈಯಲ್ಲಿ ತಿಂದೆ’ ಎನ್ನುವುದು ರೂಢಿ. ಮಗು ಅದನ್ನು ‘ಕಟ್ ಇನ್ ನೈಫ್’ ಎಂದು ಬರೆದರೆ ಅದರ ತಲೆಯಲ್ಲಿ ಸಪ್ತಮೀ ವಿಭಕ್ತಿ ಶಿಸ್ತಾಗಿ ಕೆಲಸ ಮಾಡುತ್ತಿದೆ ಎಂದು ಅರ್ಥ. ಕೆಂಪು ಶಾಯಿಯಲ್ಲಿ ಗೀಟು ಎಳೆಯುವ ಮೊದಲು ಮೇಷ್ಟ್ರು ಇಷ್ಟನ್ನು ಕಂಡರೆ ತಿದ್ದುವ ದಾರಿಯೂ ಕಾಣುತ್ತದೆ: ಕನ್ನಡದ ‘ಅಲ್ಲಿ’ಗೆ ಮೂರು ನಾಲ್ಕು ಕೆಲಸಗಳಿವೆ, ಸಾಧನ ಹೇಳುವ ‘ಅಲ್ಲಿ’ಗೆ ಇಂಗ್ಲಿಷಿನಲ್ಲಿ ‘ವಿತ್’ ಎಂದು ತೋರಿಸಿಕೊಡಬಹುದು.

ಇಲ್ಲಿ ನಮ್ಮ ಕನ್ನಡ ವ್ಯಾಕರಣದ ಪಾಠವೂ ಕೈಕೊಡುತ್ತದೆ. ಮಕ್ಕಳು ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ಏಳು ವಿಭಕ್ತಿ ಉರು ಹೊಡೆಯುತ್ತಾರೆ. ಹದಿಮೂರನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತದ ಏಳು ವಿಭಕ್ತಿಗಳ ಚೌಕಟ್ಟಿನಲ್ಲೇ ಕನ್ನಡವನ್ನು ವಿವರಿಸಿದ, ಪಟ್ಟಿ ಇಂದಿಗೂ ಹಾಗೇ ಬಂದಿದೆ. ಮಾತಿನಲ್ಲಿ ‘ದೆಸೆಯಿಂದ’ ಎನ್ನುವವರು ಯಾರಿದ್ದಾರೆ? ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು 2000ದಲ್ಲಿ ಪುಸ್ತಕವನ್ನೇ ಬರೆದು ಈ ಚೌಕಟ್ಟನ್ನು ಪ್ರಶ್ನಿಸಿದರು. ಅವರ ಎಲ್ಲ ವಾದಗಳನ್ನೂ ಒಪ್ಪದವರಿಗೂ ಇದೊಂದು ಮಾತು ನಿಜವೆನಿಸೀತು: ಪಟ್ಟಿ ಬಾಯಿಗೆ ಬಂದ ಮಾತ್ರಕ್ಕೆ ಪ್ರತ್ಯಯದ ಕೆಲಸ ತಿಳಿಯುವುದಿಲ್ಲ. ಕನ್ನಡದ ತರಗತಿಯಲ್ಲಿ ‘ಗೆ’ ಏನೇನು ಮಾಡುತ್ತದೆ ಎಂದು ಚರ್ಚೆಯಾಗಿದ್ದರೆ, ಕೋಲಾರಕ್ಕೆ, ಹತ್ತು ಗಂಟೆಗೆ, ಕಿಲೋಗೆ, ನನಗೆ ಎಂಬ ನಾಲ್ಕು ಬೇರೆ ಬೇರೆ ಸಂಬಂಧಗಳು ಮಗುವಿಗೆ ಕಂಡಿದ್ದರೆ, ಇಂಗ್ಲಿಷಿನ ‘ಟು’, ‘ಅಟ್’, ‘ಪರ್’ ಅಷ್ಟು ಅಪರಿಚಿತ ಎನಿಸುತ್ತಿರಲಿಲ್ಲ.

ಇಂಗ್ಲಿಷ್ ಕೂಡ ಒಂದು ಕಾಲದಲ್ಲಿ ನಮ್ಮಂತೆಯೇ ಬಾಲಕ್ಕೆ ಪ್ರತ್ಯಯ ಹಚ್ಚುತ್ತಿತ್ತು. ಒಂಬತ್ತನೇ ಶತಮಾನದ ಆಲ್ಫ್ರೆಡ್ ದೊರೆಯ ಕಾಲದ ಇಂಗ್ಲಿಷಿನಲ್ಲಿ ಕಲ್ಲು ‘ಸ್ತಾನ್’, ಕಲ್ಲಿನ ಎನ್ನಲು ‘ಸ್ತಾನೆಸ್’, ಕಲ್ಲಿಗೆ ಎನ್ನಲು ‘ಸ್ತಾನೆ’, ಕಲ್ಲುಗಳಿಗೆ ಎನ್ನಲು ‘ಸ್ತಾನುಮ್’. ಪ್ರಿಪೊಸಿಷನ್‌ಗಳು ಆಗಲೂ ಇದ್ದವು, ಆದರೆ ಅರ್ಧ ಹೊರೆ ಪ್ರತ್ಯಯಗಳ ಮೇಲಿತ್ತು. ಶತಮಾನಗಳು ಕಳೆದಂತೆ ಪದದ ಕೊನೆಯ ಸ್ವರಗಳು ಸವೆದು ಈ ರೂಪಗಳೆಲ್ಲ ಒಂದರಂತೆ ಒಂದು ಕೇಳತೊಡಗಿದವು. 1066ರಲ್ಲಿ ನಾರ್ಮನ್ನರು ಗೆದ್ದು ಬಂದ ಮೇಲೆ ಆಳುವವರ ಭಾಷೆ ಫ್ರೆಂಚ್ ಆಯಿತು, ಹಳೆಯ ರೂಪಗಳನ್ನು ಕಾಯುವ ಬರಹದ ಶಿಸ್ತೂ ಸಡಿಲವಾಯಿತು. ಪ್ರತ್ಯಯ ಹೋದ ಜಾಗಕ್ಕೆ ‘ಆಫ್’, ‘ಟು’, ‘ವಿತ್’, ‘ಬೈ’ಗಳು ಮುಂದೆ ಬಂದು ನಿಂತವು. ಇಂದು ‘ರಾಮಾಸ್ ಹೌಸ್’ ಎಂದು ಬರೆಯುವಾಗ ಕೊನೆಗೆ ಅಂಟಿಸುವ ‘ಸ್’ ಆ ಹಳೆಯ ಷಷ್ಠಿಯ ಉಳಿಕೆ. ಮಕ್ಕಳಿಗೆ ಈ ಕತೆ ಹೇಳಬೇಕು. ತಮ್ಮ ಭಾಷೆಯ ಗುಣವೇ ಇಂಗ್ಲಿಷಿಗೂ ಇತ್ತು ಎಂದು ತಿಳಿದಾಗ ಅವರ ಅಂಜಿಕೆ ಅರ್ಧ ಕರಗುತ್ತದೆ.

ಎರಡು ಭಾಷೆಗಳು ಹೀಗೆ ತದ್ವಿರುದ್ಧ ಇರುವುದರ ಹಿಂದೆ ಒಂದು ವ್ಯವಸ್ಥೆಯೂ ಇದೆ. 1963ರಲ್ಲಿ ಅಮೆರಿಕದ ಭಾಷಾಶಾಸ್ತ್ರಜ್ಞ ಜೋಸೆಫ್ ಗ್ರೀನ್‌ಬರ್ಗ್ ಲೋಕದ 30 ಭಾಷೆಗಳನ್ನು ಹೋಲಿಸಿ ಪ್ರಸಿದ್ಧ ಪ್ರಬಂಧವೊಂದನ್ನು ಪ್ರಕಟಿಸಿದ. ಆ ಮೂವತ್ತರಲ್ಲಿ ಕನ್ನಡವೂ ಒಂದು. ಕ್ರಿಯಾಪದ ವಾಕ್ಯದ ಕೊನೆಗೆ ಬರುವ ಭಾಷೆಗಳಲ್ಲಿ ಸಂಬಂಧಸೂಚಕವೂ ನಾಮಪದದ ಹಿಂದೆ ಬರುವುದು ಬಹುತೇಕ ನಿಯಮ ಎಂದು ಅವನು ತೋರಿಸಿದ. ಕನ್ನಡ, ಜಪಾನಿ, ತುರ್ಕಿ, ಹಿಂದಿ ಎಲ್ಲ ಹಾಗೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಕರ್ಮಕ್ಕಿಂತ ಮೊದಲು ಬರುತ್ತದೆ, ಪ್ರಿಪೊಸಿಷನ್ ನಾಮಪದಕ್ಕಿಂತ ಮೊದಲು ಬರುತ್ತದೆ. ‘ಅನ್ನ ಉಣ್ಣು’ ಎನ್ನುವ ಭಾಷೆ ‘ಮರದ ಕೆಳಗೆ’ ಎನ್ನುತ್ತದೆ, ‘ಈಟ್ ರೈಸ್’ ಎನ್ನುವ ಭಾಷೆ ‘ಅಂಡರ್ ದಿ ಟ್ರೀ’ ಎನ್ನುತ್ತದೆ.

ಇನ್ನೊಂದು ತಪ್ಪನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಅದು ಯಾವ ಗೈಡಿನಲ್ಲೂ ಸಿಗುವುದಿಲ್ಲ. ‘ನಾನು ಬಂದ ಬಸ್ಸು’, ‘ನಾವು ಇರುವ ಮನೆ’, ‘ಅವಳು ಕುಯ್ದ ಚಾಕು’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಬಸ್ಸಿನಲ್ಲಿ, ಮನೆಯಲ್ಲಿ, ಚಾಕುವಿನಿಂದ ಎಂಬ ಸಂಬಂಧ ಹೇಳದಿದ್ದರೂ ಕೇಳುವವನಿಗೆ ಗೊತ್ತು. ಇಂಗ್ಲಿಷ್ ಅದನ್ನು ಬಿಟ್ಟುಕೊಡುವುದಿಲ್ಲ. ‘ದಿ ಬಸ್ ಐ ಕೇಮ್ ಇನ್’, ‘ದಿ ಹೌಸ್ ವಿ ಲಿವ್ ಇನ್’, ‘ದಿ ನೈಫ್ ಶಿ ಕಟ್ ಇಟ್ ವಿತ್’ ಎಂದು ಕೊನೆಯಲ್ಲಿ ಪ್ರಿಪೊಸಿಷನ್ ಒಂಟಿಯಾಗಿ ನಿಂತಿರಲೇಬೇಕು. ನಮ್ಮ ಮಕ್ಕಳು ಅದನ್ನು ಬಿಟ್ಟು ‘ದಿ ಹೌಸ್ ವಿ ಲಿವ್’ ಎಂದು ನಿಲ್ಲಿಸುತ್ತಾರೆ. ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಾರದು ಎಂದು ಹಳೆಯ ಕಾಲದ ಮೇಷ್ಟ್ರುಗಳು ಗದರುತ್ತಿದ್ದದ್ದೂ ಇದಕ್ಕೆ ಸೇರಿಕೊಂಡಿದೆ. ಆ ನಿಯಮದ ಬೇರು ಇಂಗ್ಲಿಷ್ ಕವಿ ಜಾನ್ ಡ್ರೈಡನ್ 1672ರಲ್ಲಿ ತನ್ನ ಹಿಂದಿನ ನಾಟಕಕಾರ ಬೆನ್ ಜಾನ್ಸನ್ನನ ಬರಹದ ಮೇಲೆ ಎತ್ತಿದ ಆಕ್ಷೇಪಣೆಯಲ್ಲಿದೆ. ಇಂಗ್ಲಿಷ್ ಆಡುವವರು ಆಗಲೂ ಅದನ್ನು ಪಾಲಿಸಿರಲಿಲ್ಲ, ಈಗಲೂ ಪಾಲಿಸುವುದಿಲ್ಲ. ನಮ್ಮ ಮಕ್ಕಳಿಗೆ ಆ ಹೆದರಿಕೆ ಹಾಕುವ ಅಗತ್ಯವಿಲ್ಲ.

ಅರ್ಜಿ, ಕಾಗದ ಬರೆಯುವವರಿಗೆ ಒಂದು ಮಾತು. ಪ್ರಿಪೊಸಿಷನ್ನಿನ ಹಿಂದೆ ಬರುವುದು ನಾಮಪದವೇ ಆಗಿರಬೇಕು. ಕ್ರಿಯೆ ಬಂದರೆ ಅದು ‘ಇಂಗ್’ ತೊಟ್ಟು ನಾಮಪದವಾಗಬೇಕು. ‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿನ ‘ಟು’ ಪ್ರಿಪೊಸಿಷನ್, ಆದ್ದರಿಂದ ‘ಮೀಟ್’ ತಪ್ಪು, ‘ಮೀಟಿಂಗ್’ ಸರಿ. ಸರ್ವನಾಮವೂ ರೂಪ ಬದಲಿಸುತ್ತದೆ: ‘ವಿತ್ ಮಿ’, ‘ಫಾರ್ ಹಿಮ್’. ‘ಬಿಟ್ವೀನ್ ಯೂ ಅಂಡ್ ಐ’ ಎಂದು ಇಂಗ್ಲಿಷಿನವರೇ ಬರೆಯುವುದುಂಟು, ಶುದ್ಧ ಬರವಣಿಗೆಗೆ ‘ಮಿ’ ಬೇಕು.

ಈ ನೆಲದಲ್ಲಿ ಹುಟ್ಟಿದವರಿಗೆ ಇಂಗ್ಲಿಷ್ ಒಲಿಯದು ಎಂಬ ಮಾತನ್ನು ಇತಿಹಾಸ ಒಪ್ಪುವುದಿಲ್ಲ. ಡಿ.ವಿ. ಗುಂಡಪ್ಪ 1887ರಲ್ಲಿ ಹುಟ್ಟಿದ್ದು ಮುಳಬಾಗಿಲಿನಲ್ಲಿ. ಮೆಟ್ರಿಕ್ಯುಲೇಷನ್ ದಾಟದಿದ್ದ ಅವರು 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನೇ ಹೊರಡಿಸಿದರು, ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಕನ್ನಡಿಸಿದರು. ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದರು, ಬರೆದದ್ದು ಕನ್ನಡದಲ್ಲಿ. ಎರಡು ಮೂರು ಭಾಷೆಗಳ ನಡುವೆ ಬೆಳೆದದ್ದು ಅವರಿಗೆ ತೊಡಕಾಗಲಿಲ್ಲ, ಅದೇ ಅವರ ಬಂಡವಾಳವಾಯಿತು. ಇಂದಿನ ಮುಳಬಾಗಿಲಿನ ಮಗುವಿನ ಕೈಯಲ್ಲೂ ಅದೇ ಬಂಡವಾಳ ಇದೆ. ಇಂಗ್ಲಿಷ್ ತರಗತಿಯಲ್ಲಿ ಕನ್ನಡವಾಗಲಿ ತೆಲುಗಾಗಲಿ ಆಡಕೂಡದು ಎಂದು ಬಾಯಿ ಮುಚ್ಚಿಸುವ ಶಾಲೆಗಳು ಆ ಬಂಡವಾಳವನ್ನು ಹೊರಬಾಗಿಲಲ್ಲೇ ಕಸಿದಿಟ್ಟುಕೊಳ್ಳುತ್ತಿವೆ. ಇದು ಅನ್ಯಾಯ.

ಹಾಗಾಗಿ ಇಂಗ್ಲಿಷ್ ಕಲಿಸುವ ಮೇಷ್ಟ್ರು, ಮೇಡಂಗಳಲ್ಲಿ, ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆಯ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿ: ಈ ಗುಚ್ಛ ಯಾವ ಪದಕ್ಕೆ ಸೇರಿದ್ದು? ಮನೆಯಲ್ಲಿ ಇಂಗ್ಲಿಷ್ ಬಾರದ ಅಪ್ಪ ಅಮ್ಮಂದಿರೂ ಇದನ್ನು ಮಾಡಿಸಬಹುದು. ಮಗುವಿನ ಪಾಠದ ಒಂದು ಪುಟ ತೆಗೆದು, ‘ಇನ್’, ‘ಆನ್’, ‘ಅಟ್’, ‘ಟು’, ‘ಆಫ್’, ‘ವಿತ್’, ‘ಫ್ರಮ್’ ಕಂಡಲ್ಲೆಲ್ಲ ಗುಚ್ಛದ ಕೆಳಗೆ ಗೆರೆ ಎಳೆಯಲು ಹೇಳಿ. ಆಮೇಲೆ ಒಂದೊಂದನ್ನೂ ಮನೆಮಾತಿನಲ್ಲಿ ಹೇಳಿಸಿ, ‘ಕೆಳಗೆ’ಯೋ ‘ಕೆಳಗಿನ’ವೋ ಎಂದು ಕೇಳಿ. ಮನೆಮಾತು ತೆಲುಗಾದರೆ ‘ಕಿಂದ’ವೋ ‘ಕಿಂದಿ’ಯೋ ಎಂದು ಕೇಳಿ. ಉತ್ತರ ಮಗುವಿಗೆ ಗೊತ್ತಿರುತ್ತದೆ.